ಓದಬೇಕಾದವರು

ಸಿದ್ದಲಿಂಗಮ್ಮನ ಬೆರಳುಗಳ ಚರ್ಮ ಸುಲಿಯಲು ಶುರುವಾಗಿ ಮೂರು ತಿಂಗಳಾಗಿತ್ತು. ಸಾರನ್ನ ಕಲೆಸಿದರೆ ಖಾರಕ್ಕೆ ಉರಿಯುತ್ತಿತ್ತು. ಚಮಚದಲ್ಲಿ ಉಣ್ಣುತ್ತಿದ್ದಳು.

ಶ್ರೀರಂಗಪಟ್ಟಣದ ಹೆದ್ದಾರಿ ಬದಿಯ ಗಾರ್ಮೆಂಟ್ಸಿನಲ್ಲಿ ಅವಳದು ಕಲೆ ತೆಗೆಯುವ ಕೆಲಸ. ಅಂಗಿಯ ಮೇಲಿನ ಎಣ್ಣೆ ಕಲೆಗೆ ಬಾಟಲಿಯ ಕೆಮಿಕಲ್ ಸಿಂಪಡಿಸಿ ಬರಿಗೈಯಲ್ಲಿ ಉಜ್ಜಬೇಕು. ಕೋಣೆಗೆ ಕಿಟಕಿಯಿಲ್ಲ. ಅರಕೆರೆಯಿಂದ ಬೆಳಗಿನ ಬಸ್ಸಿಗೆ ಬಂದು, ಸಂಜೆ ತಲೆನೋವು ಹೊತ್ತು ಹೋಗುತ್ತಿದ್ದಳು.

ಒಂದು ಸೋಮವಾರ ಮೇಜಿನ ಮೇಲೇ ಕುಸಿದಳು. ಎರಡು ದಿನ ಆಸ್ಪತ್ರೆಯಲ್ಲಿದ್ದು ಮರಳಿದಾಗ ಮ್ಯಾನೇಜರ್ ರವೀಂದ್ರ ಆಫೀಸಿಗೆ ಕರೆಸಿ, ಬರೆದಿಟ್ಟ ಒಂದು ಕಾಗದವನ್ನೂ ಪೆನ್ನನ್ನೂ ಕೈಗೆ ಕೊಟ್ಟ.

"ಗ್ಲೌಸ್ ಹಾಕದೆ ಕೆಲಸ ಮಾಡಿದ್ದು ನಿಮ್ಮ ತಪ್ಪು. ಇಲ್ಲಿ ಸೈನ್ ಮಾಡಿ."

"ಗ್ಲೌಸೇ ಕೊಟ್ಟಿಲ್ವಲ್ಲಾ ಸಾ."

"ಕೇಳಬೇಕಿತ್ತು. ಈ ಕೆಮಿಕಲ್ ವಿಷಯ ಎಲ್ಲಾ ಕಂಪ್ಯೂಟರಲ್ಲಿದೆ. ಎರಡು ವರ್ಷದಿಂದ ಇದೆ. ಹೇಮಶ್ರೀ, ಪ್ರಿಂಟ್ ತೆಗಿ."

ಕಾಗದಗಳನ್ನು ಕಂಪ್ಯೂಟರಿಗೆ ಸೇರಿಸುವುದು ಹೇಮಶ್ರೀಯ ಕೆಲಸ. ಅವಳು ತೆಗೆದುಕೊಟ್ಟ ಹಾಳೆ ಪೂರ್ತಿ ಇಂಗ್ಲಿಷಿನಲ್ಲಿತ್ತು.

"ಮ್ಯಾಗ್ಡೆ ಏನವ್ವ ಬರ್ದೈತೆ?" ಸಿದ್ದಲಿಂಗಮ್ಮ ಹಾಳೆಯ ಮೊದಲ ಸಾಲಿನ ಮೇಲೆ ಬೆರಳಿಟ್ಟಳು.

ಹೇಮಶ್ರೀ ತಲೆ ತಗ್ಗಿಸಿದಳು. "ಈ ಕಾಗ್ದ ಯಾರ್ ಓದ್ಬೇಕು ಅಂತ ಅಕ್ಕ. ಮ್ಯಾನೇಜರ್‌ಗಳು, ಆಡಿಟ್‌ಗೆ ಬರೋರು."

"ನಾವು?"

"ನೀವಿಲ್ಲ ಅಕ್ಕ. ನಾನೇ ಟೈಪ್ ಮಾಡಿದ್ದು. ಯಾರಿಗೆ ಅಂತ ಆಕ್ಲಿ ಅಂದೆ. ಸಾರ್ ಯೋಳಿದ್ನ ಆಕ್ದೆ."

"ಹೇಮಶ್ರೀ!" ರವೀಂದ್ರ ಗದರಿದ.

ಅವಳು ನಿಲ್ಲಿಸಲಿಲ್ಲ. "ಬರಿಗೈಲಿ ಮುಟ್ಬಾರ್ದು ಅಂತದೆ. ಗಾಳಿ ಆಡ್ದಿರೋ ರೂಮಲ್ಲಿ ಬಳಸ್ಲೇಬಾರ್ದು ಅಂತದೆ."

ಸಿದ್ದಲಿಂಗಮ್ಮನಿಗೆ ಕೂಗಾಡುವಷ್ಟು ಶಕ್ತಿಯಿರಲಿಲ್ಲ. ಎರಡು ವರ್ಷ ಅನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಪೆನ್ನನ್ನು ಮೇಜಿನ ಮೇಲಿಟ್ಟಳು.

"ನಾನ್ ಸೈನ್ ಆಕಲ್ಲ ಸಾ."

"ಹಾಗಾದರೆ ನಾಳೆಯಿಂದ ಬರಬೇಡಿ."

ಮರುದಿನವೂ ಬಂದಳು. ಕಾವಲಿನವನು ಒಳಗೆ ಬಿಡಲಿಲ್ಲ. ಗೇಟಿನ ಪಕ್ಕದ ಕಲ್ಲಿನ ಮೇಲೆ ಕುಳಿತಳು. ಅವಳ ಜೊತೆ ಕಲೆ ತೆಗೆಯುವ ಹನ್ನೊಂದು ಮಂದಿ ಹೆಂಗಸರು ಅವಳನ್ನು ನೋಡುತ್ತಲೇ ಒಳಗೆ ಹೋದರು. ಆಫೀಸಿನಲ್ಲಿ ನಡೆದದ್ದನ್ನು ಹೇಮಶ್ರೀ ಅವರಿಗೆಲ್ಲ ಬಸ್ಸಿನಲ್ಲೇ ಹೇಳಿದ್ದಳು.

ಒಳಗೆ ಬಾಟಲಿಗಳು ತುಂಬಿ ನಿಂತಿದ್ದವು. ಅಂಗಿಗಳ ರಾಶಿ ಬಿದ್ದಿತ್ತು. ಯಾರೂ ಕೈ ಹಾಕಲಿಲ್ಲ. ರವೀಂದ್ರ ಓಡಿ ಬಂದ.

"ಏನ್ರೀ ಇದು? ಲಾರಿ ಕಾಯ್ತಿದೆ!"

ಎಲ್ಲರಿಗಿಂತ ಹಿರಿಯಳಾದ ಪಾರ್ವತಮ್ಮ ಸೆರಗಿಗೆ ಕೈ ಒರೆಸಿಕೊಂಡು ನೆಲದ ಮೇಲೆ ಕುಳಿತಳು. ಒಬ್ಬೊಬ್ಬರಾಗಿ ಉಳಿದವರೂ ಕುಳಿತರು.

"ಗೇಟಲ್ ಕುಂತವ್ಳಲ್ಲ, ಅವ್ಳನ್ನ ಒಳೀಕ್ ಕರೀರಿ ಸಾ. ಆಮೇಕೆ ಆ ಕಾಗ್ದ ತಂದು ನಮ್ಗೆಲ್ಲಾ ಕನ್ನಡ್ದಲ್ಲಿ ಓದಿ ಯೋಳಿ. ಅಲ್ಲೀಗಂಟ ಬಾಟ್ಲಿ ಮುಟ್ಟಾಕಿಲ್ಲ."