ಕುಕ್ಕರಿನ ಎರಡನೇ ಸೀಟಿ

"ಓದು. ಏನದ ಅದರಾಗ, ನಾನೂ ಕೇಳ್ತೀನಿ," ಎನ್ನುತ್ತ ಶಿವಗಂಗವ್ವ ಹಸಿ ಬಟಾಣಿಯ ಬುಟ್ಟಿ ಎಳೆದುಕೊಂಡು ಸೊಸೆಯ ಎದುರು ಕೂತರು.

ಪುಸ್ತಕದ ಹೊದಿಕೆಯ ಮೇಲೊಂದು ಶಿಲುಬೆಯಿತ್ತು. ಕೆಳಗಿನ ಮನೆಯ ಕಾಶವ್ವ ಅದನ್ನು ನೋಡಿದ್ದೇ ತಡ, ನಿಮ್ಮ ರೇಣು ಕಿರಸ್ತಾನಿ ಆಗಿ ಮನೆ ಬಿಡುತ್ತಾಳೆ ಎಂದು ಶಿವಗಂಗವ್ವನ ಕಿವಿಯಲ್ಲಿ ಊದಿ ಹೋಗಿದ್ದರು.

ರೇಣು ವಿವರಿಸಿದಳು. ಕ್ಯಾಂಪ್ ಬಡಾವಣೆಯ ಕಾಲೇಜಿನಲ್ಲಿ ತಾನು ಪಾಠ ಮಾಡಬೇಕಾದ ಪುಸ್ತಕ. ಸಾವಿರದ ಆರುನೂರು ವರ್ಷಗಳ ಹಿಂದೆ ಆಫ್ರಿಕಾದ ಬಿಷಪ್ ಒಬ್ಬ ದೇವರನ್ನೇ ಎದುರಿಗೆ ಕೂರಿಸಿಕೊಂಡವನಂತೆ ತನ್ನ ಬಾಳಿನ ಕಥೆ ಬರೆದಿದ್ದ. ಹುಡುಗನಿದ್ದಾಗ ಗೆಳೆಯರೊಡನೆ ಯಾರದೋ ಮರದ ಹಣ್ಣು ಕದ್ದು, ಹೆಚ್ಚು ತಿನ್ನದೆ ಹಂದಿಗಳಿಗೆ ಎಸೆದದ್ದನ್ನೂ ಬಿಟ್ಟಿರಲಿಲ್ಲ.

"ಅಷ್ಟಕ್ಕ ಇಷ್ಟು ದಪ್ಪ ಪುಸ್ತಕ? ನಮ್ಮೂರಾಗ ನಾವು ಕದ್ದ ಮಾವಿನಕಾಯಿ ಬರದ್ರ ಕಪಾಟು ಸಾಲೂದಿಲ್ಲ."

ಬರೇ ಅಷ್ಟಲ್ಲ, ಅವನಿಗೆ ವರ್ಷಗಟ್ಟಲೆ ನಂಬಿಕೆಯೇ ಇರಲಿಲ್ಲ, ಅದನ್ನೂ ಮುಚ್ಚಿಡದೆ ದೇವರಿಗೇ ಹೇಳಿದ್ದಾನೆ ಎಂದಳು ರೇಣು.

ಬಟಾಣಿ ಸುಲಿಯುತ್ತಿದ್ದ ಶಿವಗಂಗವ್ವನ ಕೈ ನಿಂತಿತು. "ಅವರವ್ವ ಏನಂದಳು?"

"ಭಾಳ ಅತ್ತಳ್ರಿ. ಆದ್ರ ಬಿಡಲಿಲ್ಲ. ಸಮುದ್ರ ದಾಟಿ ಮಗನ ಹಿಂದ ಹೋದಳು."

ರೇಣು ಪುಸ್ತಕ ಮುಚ್ಚಿದಳು. ಗಂಡ ಬಸವಪ್ರಭು ತೀರಿಕೊಂಡು ಒಂದೂವರೆ ವರ್ಷ. ಅಂದಿನಿಂದ ದಿನಾ ಬೆಳಿಗ್ಗೆ ಅತ್ತೆಯ ಮಗ್ಗುಲಲ್ಲಿ ಕೂತು ಅಂಗೈಯಲ್ಲಿ ಇಷ್ಟಲಿಂಗ ಹಿಡಿಯುತ್ತಿದ್ದಳು. ಒಳಗೆ ಏನೂ ಉಳಿದಿರಲಿಲ್ಲ. ಅದನ್ನು ಹೇಳಿದರೆ, ಮಗನನ್ನು ಕಳೆದುಕೊಂಡ ಈ ಹೆಂಗಸು ಸೊಸೆಯನ್ನೂ ಕಳೆದುಕೊಂಡೆನೆಂದು ಕುಸಿದಾರು. ತನಗಾದರೂ ಈ ಮನೆಯಲ್ಲಿ ಅವರ ಹೊರತು ಯಾರಿದ್ದರು?

"ಅತ್ತಿ, ನಾನು ಪೂಜಿ ಮಾಡೂದಿಲ್ರಿ. ಲಿಂಗ ಹಿಡಕೊಂಡು ಬರೇ ಅಂಕಿ ಎಣಸ್ತೀನಿ. ನೂರಾಎಂಟು ಆದ ಕೂಡ್ಲೆ ಏಳ್ತೀನಿ."

ಶಿವಗಂಗವ್ವ ಒಂದು ಬಟಾಣಿ ಸುಲಿದು ಬಾಯಿಗೆ ಹಾಕಿಕೊಂಡರು. ಅದನ್ನು ಪೂರ್ತಿ ಅಗಿದು ನುಂಗಿದ ಮೇಲೆಯೇ ಮಾತಾಡಿದರು.

"ನಾ ಕುಕ್ಕರ್ ಸೀಟಿ ಎಣಸ್ತೀನಿ."

"ಏನ್ರಿ?"

"ಅವ ಹೋದಾಗಿಂದ ನಂಗೂ ಮನಸು ನಿಂದ್ರವಲ್ದು. ನೀ ಒಬ್ಬಾಕಿನ ಕೂತಿರ್ತಿ, ಪಾಪ, ಅಂತ ಬಂದು ಕೂಡ್ತೀನಿ."

"ನಾ ನಿಮ್ಮ ಸಲುವಾಗಿ ಕೂಡ್ತಿದ್ದೆನ್ರಿ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವರು ಯಾರೆಂದು ಆಮೇಲೆ ನೆನಪಾಗಲಿಲ್ಲ. ಬುಟ್ಟಿ ಮಗುಚಿ ಬಟಾಣಿ ಸೋಫಾದ ಕೆಳಗೆಲ್ಲ ಉರುಳಿತು. ಕೆಳಗಿನಿಂದ ಕಾಶವ್ವ, ಏನಾತ್ರಿ ಎಂದು ಕೂಗಿ ಕೇಳಿದರು. "ನಿಮ್ಮ ಕಿರಸ್ತಾನಿ ಇಲ್ಲೇ ಅದಾಳ್ರಿ, ಬಟಾಣಿ ಆರಸಾಕತ್ತಾಳ," ಎಂದು ಶಿವಗಂಗವ್ವ ಕಿಟಕಿಯಿಂದಲೇ ಉತ್ತರ ಕೊಟ್ಟರು.

ಮರುದಿನ ಬೆಳಿಗ್ಗೆ, ಏಳೂವರೆಯ ಲೋಕಲ್ ರೈಲು ಹೋದ ಮೇಲೆ, ರೇಣು ತಾನಾಗಿಯೇ ಎರಡು ಮಣೆ ಹಾಕಿದಳು. ಇಬ್ಬರೂ ವಿಭೂತಿ ಹಚ್ಚಿಕೊಂಡು ಕೂತರು. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ರೇಣು ಓರೆಗಣ್ಣಿನಿಂದ ನೋಡಿದಳು. ಶಿವಗಂಗವ್ವ ಕಣ್ಣು ಮುಚ್ಚಿಕೊಂಡೇ ಬಲಗೈಯ ಒಂದು ಬೆರಳೆತ್ತಿದ್ದರು.

ಎರಡನೇ ಸೀಟಿಗೆ ಎರಡು ಬೆರಳು.

ನಗು ತಡೆಯಲಾರದೆ ರೇಣುವಿನ ಮೈಯೆಲ್ಲ ಕುಲುಕಿತು. ಎಡ ಅಂಗೈಯ ಲಿಂಗ ಅಲುಗಾಡತೊಡಗಿತು. ಅದು ಬೀಳದ ಹಾಗೆ ಅವಳು ಬಲಗೈಯನ್ನು ಮೆಲ್ಲಗೆ ಅದರ ಮೇಲೆ ಮುಚ್ಚಿದಳು.