ತೂಗುವ ಭೀಮೇಶ

ಸಿಂಧನೂರಿನ ಬಸ್ ನಿಲ್ದಾಣದಲ್ಲಾಗಲಿ, ಮದುವೆಯ ಅಕ್ಷತೆಗೆ ನೆರೆದ ಜನರ ನಡುವಾಗಲಿ, ಭೀಮೇಶ ನಿಂತನೆಂದರೆ ಸಾಕು, ಅವನ ಮೈ ಎಡಕ್ಕೂ ಬಲಕ್ಕೂ ಮೆಲ್ಲಗೆ ತೂಗತೊಡಗುತ್ತದೆ. ಅರಿಯದವರು "ಹಗಲಾಗ ಏರಿಸ್ಯಾನ ನೋಡು" ಎಂದು ಮೂಗು ಮುರಿಯುತ್ತಾರೆ. ಅಯ್ಯೋ, ಬುದ್ಧಿ ಬಂದಾಗಿನಿಂದ ಒಂದು ಹನಿ ಮುಟ್ಟದ ಆಸಾಮಿ! ಹಲ್ಲು ಮೂಡದ ಮಗಳನ್ನು ಹಗಲೆಲ್ಲ ಹೆಗಲ ಮೇಲೆ ತೂಗಿ ತೂಗಿ ಮೈಗಂಟಿದ ಲಯವದು. ಕೂಸು ಇಲ್ಲದಾಗಲೂ ನಿಲ್ಲದು.

ಹೆಂಡತಿ ಸುರೇಖಾ ಮಸ್ಕಿಯ ಶಾಲೆಯಲ್ಲಿ ಶಿಕ್ಷಕಿ. ಹಾಗಾಗಿ ಕೂಸು ಇವನ ಟೇಲರ್ ಅಂಗಡಿಯಲ್ಲಿ. ಎಡಹೆಗಲಲ್ಲಿ ಮಗಳು, ಬಲಗೈಯಲ್ಲಿ ಕತ್ತರಿ. ಆ ಸಂಭ್ರಮದಲ್ಲಿ ಹೊಲಿದ ನನ್ನ ಕೋಟಿಗೆ ಒಂದು ತೋಳು ಗಿಡ್ಡ. ಕೇಳಿದರೆ, "ಕೈ ಮಡಚಿ ನಡೀರಿ ಸರ, ಗೊತ್ತಾಗಂಗಿಲ್ಲ" ಎಂದ, ಪುಣ್ಯಾತ್ಮ!

ಈ ಅತಿಜಾಗ್ರತೆಗೆ ಕಾರಣವಿದೆ. ತಾಯಿ ಪಾರ್ವತೆಮ್ಮ ಬಳಗಾನೂರಿನಲ್ಲಿ ಕಂಡವರ ಗದ್ದೆಗೆ ನಾಟಿಗೆ ಹೋಗುವಾಗ, ಬದುವಿನ ಮೇಲೆ ಮಲಗಿಸಿದ ಇವನು ಅಳದಿರಲೆಂದು, ಸೇಂದಿಯಲ್ಲಿ ಬೆರಳದ್ದಿ ಚೀಪಿಸುತ್ತಿದ್ದಳು. ಎಳವೆಯಲ್ಲೇ ಮದ್ಯ ಕುಡಿಸಿದ ಇಲಿಗಳಲ್ಲಿ, ಮುಂದೆ ಮರಿಗಳ ಮೇಲೆ ಮಮತೆ ಹುಟ್ಟಿಸುವ ಹಾರ್ಮೋನು ಏರುಪೇರಾಗುವುದುಂಟೆಂದು ಡಾಕ್ಟರೊಬ್ಬರು ಮಾತಿಗೆ ಹೇಳಿದ್ದೇ ತಡ, ಬಸುರಿ ಹೆಂಡತಿಯ ಪಕ್ಕ ಕೂತಿದ್ದ ಭೀಮೇಶ ಎದ್ದು ನೇರ ನನ್ನಲ್ಲಿಗೆ ಓಡಿ ಬಂದ.

"ನನಗ ಕೂಸಿನ ಮ್ಯಾಲೆ ಪ್ರೀತಿನ ಹುಟ್ಟದಿದ್ರ ಹೆಂಗ್ರೀ ಸರ?" ಎಂದು ನನ್ನನ್ನು ಕೇಳಿದ.

"ನೀ ಇಲಿ ಅಲ್ಲಲೇ!" ಎಂದೆ. ಕೇಳಿದನೇ? ಪ್ರೀತಿ ಹುಟ್ಟುವವರೆಗೆ ಕಾಯದೆ, ಮಗಳು ಹುಟ್ಟಿದಂದೇ ತೂಗಲು ಶುರುವಿಟ್ಟ.

ಮೊನ್ನೆ ನಾನು ಕೋಟಿನ ಜಗಳಕ್ಕೆಂದು ಹೋದಾಗ ಪಾರ್ವತೆಮ್ಮ ಮೊಮ್ಮಗಳನ್ನು ನೋಡಲು ಬಂದಿದ್ದಳು. ಕೂಸು ಚಿಟ್ಟನೆ ಚೀರಿತು. ಮುದುಕಿ ಚೀಲದಿಂದ, ಎಲ್ಲಿಂದ ತಂದಿದ್ದಳೋ, ಪುಟ್ಟ ಸೀಸೆ ತೆಗೆದು ಬೆರಳದ್ದಿದಳು. ಎಂದೂ ದನಿಯೇರಿಸದ ಭೀಮೇಶ ಆ ಕೈಯನ್ನು ಗಟ್ಟಿಯಾಗಿ ಹಿಡಿದುಬಿಟ್ಟ.

"ಬ್ಯಾಡ ಬೇ ಯವ್ವಾ!"

ಮುದುಕಿಯ ಮುಖ ಬಾಡಿತು. "ನಿನಗ ಕೊಟ್ಟಿದ್ದು ಇದನ್ನ ಅಲ್ಲೇನೋ? ಕೆಸರಾಗ ನಿಂತಾಕಿಗೆ ತೂಗಾಕ ಕೈ ಎಲ್ಲಿ ಬಿಡುವಿತ್ತು?"

ಭೀಮೇಶ ಆ ಬೆರಳನ್ನು ತನ್ನ ಅಂಗಿಯ ಅಂಚಿಗೆ ಒರೆಸಿದ. ಮಗಳನ್ನು ಮೆಲ್ಲಗೆ ಅವಳ ಹೆಗಲಿಗೇರಿಸಿದ. "ಈಗ ಬಿಡುವೈತಿ. ತೂಗು."

ಮುದುಕಿ ತೂಗಿದಳು. ಬರಿಗೈಯಲ್ಲಿ ನಿಂತ ಮಗನೂ ತೂಗಿದ. ಕೂಸು ಅಳು ನಿಲ್ಲಿಸಿತು. ಗಿಡ್ಡ ತೋಳಿನ ಕೋಟಿನಲ್ಲಿ ನಾನೂ ತೂಗುತ್ತಿದ್ದೆನಂತೆ, ಆಮೇಲೆ ಅವನೇ ಹೇಳಿ ನಕ್ಕ.

ಮಮತೆ ತಮ್ಮಲ್ಲಿ ಇದ್ದೇ ಇದೆಯೆಂದು ನಂಬಿದವರು ಎಷ್ಟೋ ಸಲ ಕೂಸನ್ನು ಕೆಳಗಿಟ್ಟು ಮರೆಯುತ್ತಾರೆ. ಇದೆಯೋ ಇಲ್ಲವೋ ಎಂದು ಅಂಜುವ ಭೀಮೇಶನಂಥವರು ಇಳಿಸುವುದೇ ಇಲ್ಲ.