ದೋಣಿಯ ಹೊಸ್ತಿಲು

ಪಕ್ಕೀರಪ್ಪನ ಮುಖ ನೋಡಿದ ದಿನವೇ ನನಗೆ ಸಂಶಯ ಬಂದಿತ್ತು. ತಾವರಗೇರಿಯವನಂತೆ, ಬಡಿಗನಂತೆ. ಒಂದು ಕೊಡ ನೀರಿಗೆ ಹರದಾರಿ ನಡೆಯುವ ಕಡೆಯವನು ದೋಣಿಗೆ ಕಿಟಕಿ ಕೂರಿಸುತ್ತಾನಂತೆ! ನಂಬುವ ಮಾತೇ ಇದು?

ನಾನು ತಿಮ್ಮಣ್ಣ, ಆ ದೋಣಿಯ ಕಾವಲುಗಾರ. ಅಣೆಕಟ್ಟಿನ ಕೆಲಸ ಶುರುವಾದ ಮರುವರ್ಷ, ಹೊಳೆಯ ಆಳ ಅಳೆಯಬೇಕೆಂದು ಸರ್ವೆ ಸಾಹೇಬರು ಸಮುದ್ರದ ಕಡೆಯಿಂದ ಒಂದು ಹಳೆಯ ಹಾಯಿದೋಣಿಯನ್ನು ರೈಲಿಗೆ ಹೇರಿಸಿ ಮುನಿರಾಬಾದಿಗೆ ತರಿಸಿದ್ದರು. ಅದರ ಹೊಟ್ಟೆಯೊಳಗೆ ಒಂದು ಪುಟ್ಟ ಕೋಣೆ. ಎರಡೂ ಮಗ್ಗುಲಿಗೆ ಗಾಜಿನ ಕಿಟಕಿ, ಇಳಿಯಲು ನೆತ್ತಿಯ ಮೇಲೊಂದು ಬಾಯಿ, ಅದಕ್ಕೊಂದು ಮುಚ್ಚಳ. ಹನಿ ಬಿದ್ದರೆ ಸಾಕು, ಎಲ್ಲ ಕಡೆಯಿಂದಲೂ ಸೋರುತ್ತಿತ್ತು. ಒಳಗಿಟ್ಟ ನಕ್ಷೆಗಳು ತೊಯ್ದು ಮುದ್ದೆಯಾಗುತ್ತಿದ್ದವು.

"ಕಿಡಕಿ, ಮುಚ್ಚಳ ಎಲ್ಲಾ ಹೊಸಾವು ಮಾಡು. ಸೋರಲಿಲ್ಲಂದ್ರ ಬಡಿಗ್ಯಾರ ಶೆಡ್ಡಿನಾಗ ನಿನಗ ಕಾಯಂ ಕೆಲಸ. ಸೋರಿತೋ, ಊರ ದಾರಿ ಹಿಡಿ," ಎಂದಿದ್ದರು ಸಾಹೇಬರು.

"ಆತ್ರೀ ಹುಜೂರ್. ಊರಾಗ ಬಂಡಿ ಮಾಡಸೋರು ಯಾರೂ ಉಳದಿಲ್ಲ. ಇದೊಂದ ನನಗ ದಾರಿ," ಎಂದು ಪಕ್ಕೀರಪ್ಪ ಕೈ ಮುಗಿದಿದ್ದ. ಐವತ್ತು ದಾಟಿದ ಮನುಷ್ಯ. ಅಷ್ಟು ಬಾಗಿ ಕೈ ಮುಗಿಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ.

ಹದಿನೈದು ದಿನ ಅವನ ಬೆನ್ನು ಬಿಡದೆ ಕುಳಿತೆ. ಹಳೆಯ ಚೌಕಟ್ಟುಗಳನ್ನು ಕಿತ್ತು ಸಾಗವಾನಿಯವು ಮಾಡಿದ. ಸೀಮೆಸುಣ್ಣದ ಪುಡಿಗೆ ಅಗಸೆ ಎಣ್ಣೆ ಹಾಕಿ ರೊಟ್ಟಿ ಹಿಟ್ಟಿನಂತೆ ನಾದಿ ಗಾಜಿನ ಸುತ್ತ ಮೆತ್ತಿದ. ಮೇಲಿನ ಬಾಯಿಗೆ ನಾಲ್ಕು ಬೆರಳೆತ್ತರದ ಕಟ್ಟು ಕಟ್ಟಿ, ಅದರ ಮೇಲೆ ಮುಚ್ಚಳ ಕವುಚಿ ಕೂರುವಂತೆ ಮಾಡಿದ.

"ಇದನ್ನ ಯಾರು ಕಲಿಸಿದ್ರು ನಿನಗ?" ಎಂದು ಕೇಳಿದೆ.

"ಜೋಳದ ಹಗೇವು ನೋಡಿಲ್ಲೇನು ತಿಮ್ಮಣ್ಣ? ನೆಲದಾಗಿನ ಕುಣಿಗೆ ಮಳಿ ನೀರು ಇಳೀದಂಗ ಬಾಯಿ ಮುಚ್ಚತೀವಿ. ಇದೂ ಹಂಗ. ಇದನ್ನ ಮುಚ್ಚಳ ಅನಬ್ಯಾಡ, ಬಾಗಲಾ ಅನ್ನು. ಈ ಕಟ್ಟು ಐತಲ್ಲ, ಇದು ಹೊಸ್ತಿಲಾ."

ನನಗೆ ರೊಟ್ಟಿ ತಂದ ನನ್ನ ಹೆಂಡತಿ ಸುಂಕಲಮ್ಮ ದಂಡೆಯ ಮೇಲೆ ನಿಂತು ಇದನ್ನು ಕೇಳಿಸಿಕೊಂಡಳು. "ಹೊಸಾ ಹೊಸ್ತಿಲಾ ಏನ್ರಿ?" ಎಂದು ಹಲಗೆಯ ಮೇಲೆ ಕಾಲಿಡಲು ಬಂದಳು. ಹೆಂಗಸರು ದೋಣಿ ಹತ್ತಬಾರದೆಂದು ಗದರಿಸಿ ಕಳಿಸಿದೆ.

ಕೆಲಸ ಮುಗಿದಾಗ ಶ್ರಾವಣ ಹಿಡಿದಿತ್ತು. ಒಂದೇ ಸಮನೆ ಜಿಟಿಜಿಟಿ ಮಳೆ. ಮರುದಿನ ಬೆಳಿಗ್ಗೆ ಬೀಗ ತೆಗೆದು ಇಳಿದರೆ ಕೋಣೆಯ ನೆಲ ಒದ್ದೆ! ನಾನು ಹೇಳಲಿಲ್ಲವೇ? ಪಕ್ಕೀರಪ್ಪ ಗಾಜಿನ ಅಂಚೆಲ್ಲ ತಡವಿ ನೋಡಿದ. "ಕಿಡಕಿ ಒಣಗ್ಯಾವಲ್ಲ ತಿಮ್ಮಣ್ಣ" ಎಂದ. ಆದರೂ ಇನ್ನೊಂದು ಸಲ ಹಿಟ್ಟು ಮೆತ್ತಿದ. ಅದರ ಮರುದಿನವೂ ಒದ್ದೆ. ಮುಚ್ಚಳ ಬಿಚ್ಚಿ, ಹತ್ತಿಯ ಹುರಿಗೆ ಡಾಂಬರು ಸವರಿ ಅಂಚಿಗೆ ಕೂರಿಸಿದ. ಮೂರನೆಯ ದಿನವೂ ಅದೇ ಪಾಡು. ಮೇಲಾಗಿ ಆ ಹೊಸ್ತಿಲ ಕಟ್ಟಿನ ಮೇಲೆ ಹಳದಿ ಬಣ್ಣ ಬಿಟ್ಟಿತ್ತು. ಪಕ್ಕೀರಪ್ಪ ಅದನ್ನು ಬೆರಳಿನಿಂದ ಉಜ್ಜಿ ಮೂಗಿಗೆ ಹಿಡಿದು ನೋಡಿ, ನನ್ನ ಮುಖವನ್ನೇ ನೋಡಿದ. ಸಿಕ್ಕಿಬಿದ್ದ ಕಳ್ಳನ ಹಾಗಿದೆ ಇವನ ಮೋರೆ ಎಂದುಕೊಂಡೆ.

ಪಕ್ಕೀರಪ್ಪನ ಎದುರಿಗೇ ಸಾಹೇಬರಿಗೆ ನಾನೇ ಹೇಳಿದೆ. "ಸಾಗವಾನಿ ಅಲ್ರೀ ಇದು, ಯಾವುದೋ ಹುಸಿ ಕಟಗಿ. ಬಣ್ಣಾ ಬಿಡಾಕ ಹತ್ತೈತಿ. ಒಳಗಿಂದೊಳಗ ಸೋರತೈತ್ರಿ."

"ಯಾರಾದರೂ ಒಳಗ ಇಳಿದು ನೀರು ಹಾಕಿರಬಹುದಲ್ಲ?" ಎಂದು ಸಾಹೇಬರು ಕೇಳಿದರು.

"ಬೀಗ ಹಾಕಿದ್ದು ಹಾಕಿದಂಗ ಐತ್ರಿ. ಕೀಲಿ ನನ್ನ ಉಡದಾರ ಬಿಟ್ಟು ಒಂದು ಗಳಿಗೀನೂ ಹೋಗಿಲ್ಲ. ಹೊಳಿ ಆಣಿ ಮಾಡ್ತೀನ್ರಿ."

ಅಷ್ಟಕ್ಕೆ ತೀರ್ಮಾನವಾಯಿತು. ಪಕ್ಕೀರಪ್ಪ ಉಳಿ, ಬಾಚಿ, ಗರಗಸಗಳನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡ. ಮರುದಿನ ಬೆಳಗಿನ ಮೋಟಾರಿಗೆ ಕುಷ್ಟಗಿಗೆ ಹೋಗಿ ಅಲ್ಲಿಂದ ತನ್ನೂರ ದಾರಿ ಹಿಡಿಯುವವನಿದ್ದ. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ?

ಅಂದು ರಾತ್ರಿ ಮಳೆ ನಿಂತಿತು. ಬೆಳಿಗ್ಗೆ ಎಂದಿನಂತೆ ಗುಡಿಯ ಬಾವಿಗೆ ಮೈ ತೊಳೆಯಲು ಹೋದೆ. ಹೊಳೆಗೆ ಇಳಿಯುವವನಲ್ಲ ನಾನು, ಈಜು ಬಾರದು. ಕೊಡ ಎತ್ತಿ ತಲೆಗೆ ಸುರಿದುಕೊಳ್ಳುವಾಗ ಸೊಂಟಕ್ಕೆ ಕೈ ಹೋಯಿತು. ಕೀಲಿ ಇಲ್ಲ! ಎಲ್ಲಿಂದ ಇರಬೇಕು? ತುಕ್ಕು ಹಿಡಿಯುತ್ತದೆಂದು ಮೈ ತೊಳೆಯುವಾಗ ದಿನವೂ ದಂಡೆಯ ಮೇಲಿನ ನಮ್ಮ ಗುಡಿಸಲ ಗೂಟಕ್ಕೆ ಸಿಕ್ಕಿಸಿ ಬರುತ್ತಿದ್ದೆ. ಆಣೆ ಮಾಡುವಾಗ ಅದು ನೆನಪಾಗಲಿಲ್ಲವೋ, ನೆನಪು ಮಾಡಿಕೊಳ್ಳಲು ನನಗೇ ಮನಸ್ಸಿರಲಿಲ್ಲವೋ. ಆ ಬಡಿಗನೇ ದಿನವೂ ಕೀಲಿ ಕದಿಯುತ್ತಿರಬೇಕು ಎಂದುಕೊಂಡು ಒದ್ದೆ ಮೈಯಲ್ಲೇ ಓಡಿದೆ.

ಗೂಟ ಖಾಲಿ. ದೋಣಿಯ ಮುಚ್ಚಳ ತೆರೆದಿತ್ತು. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತ ಸುಂಕಲಮ್ಮ ಆ ಕಟ್ಟಿನ ಮೇಲೆ ಚರಿಗೆಯಿಂದ ನೀರು ಹೊಯ್ದು ಕೈಯಿಂದ ಉಜ್ಜಿ ತೊಳೆಯುತ್ತಿದ್ದಳು. ಅರ್ಧ ನೀರು ಹೊರಗೆ, ಅರ್ಧ ಒಳಗೆ. ಮಗ್ಗುಲಲ್ಲಿ ಅರಿಷಿಣದ ಬಟ್ಟಲು.

"ಏ ಹುಚ್ಚಿ! ಏನ್ ಮಾಡಾಕ ಹತ್ತೀಯೇ?"

"ಕಣ್ಣಿಲ್ಲೇನ್ರಿ? ಹೊಸ್ತಿಲಾ ತೊಳ್ಯಾಕ ಹತ್ತೀನಿ," ಎಂದಳು ತಿರುಗಿಯೂ ನೋಡದೆ. "ನಿಮ್ಮಂಥಾ ಈಜು ಬರದ ಮನಷ್ಯಾರು ಇದರಾಗ ಕುಂತು ಹೊಳ್ಯಾಗ ಹೋಗೋರು. ಶ್ರಾವಣ ಬ್ಯಾರೆ. ಹೊಸಾ ಹೊಸ್ತಿಲಾ ಪೂಜಿ ಇಲ್ಲದ ಹಂಗ ಬಿಡ್ಲೇನು?"

"ನನಗೊಂದು ಮಾತು ಹೇಳಬಾರದೇನ?"

"ಹೇಳಿದ್ರ ನೀವು ಬಿಡ್ತಿದ್ರೇನು?"

ಪಕ್ಕೀರಪ್ಪನ ಸಂಗತಿ ಹೇಳಿದೆ. ಮನೆಯಲ್ಲಿ ಸರಕಾರದ ಮಾತು ಆಡುವವನಲ್ಲ ನಾನು, ಅವಳಿಗೆ ಅದೇನೂ ಗೊತ್ತಿರಲಿಲ್ಲ. ಚರಿಗೆ ಕೈಯಿಂದ ಜಾರಿತು. "ಅಯ್ಯ ನನ ಶಿವನ, ಎರಡು ಚರಿಗಿ ನೀರಿಗೆ ಒಬ್ಬನ ಅನ್ನಾ ಹೋತೇನು? ಮೊದಲ ಹೋಗಿ ಕರಕೊಂಡು ಬರ್ರಿ!"

ಮೋಟಾರು ನಿಲ್ಲುವ ಬೇವಿನ ಮರದ ಕೆಳಗೆ ಪಕ್ಕೀರಪ್ಪ ಗೋಣಿಚೀಲದ ಮೇಲೆ ಕುಳಿತಿದ್ದ. ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದೆ. ಅವನು ನಗಲಿಲ್ಲ, ಬೈಯಲೂ ಇಲ್ಲ.

"ಅರಿಷಿಣ ಅಂತ ನನಗ ಅವತ್ತ ವಾಸನಿ ಬಡದಿತ್ತು," ಎಂದ.

"ಗೊತ್ತಿದ್ದೂ ಸುಮ್ಮನಿದ್ದೇನು?"

"ಕೀಲಿ ನಿನ್ನ ಉಡದಾರ ಬಿಟ್ಟಿಲ್ಲ ಅಂತ ಹೊಳಿ ಆಣಿ ಮಾಡಿದಿ. ಅಂದ ಮ್ಯಾಲ ಅರಿಷಿಣ ಹಚ್ಚಾಂವ ನೀನ ಅಂದ್ಕೊಂಡೆ. ನನ್ನ ಓಡಸಾಕ ಮಾಟಾ ಮಾಡಸ್ಯಾನ, ಈ ಮನಷ್ಯಾನ ಕೂಡ ಯಾಕ ಬೇಕು ಅಂತ ಅಂಜಿ ಸುಮ್ಮನಾದೆ."

ಮಾಟ! ನಾನು! ನಾಲಿಗೆಯವರೆಗೆ ಬೈಗುಳ ಬಂತು. ಆದರೆ ಯಾವ ಬಾಯಿಂದ ಬೈಯಲಿ? ಜನ್ಮದಲ್ಲಿ ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ. ಅವನ ಚೀಲವನ್ನು ನಾನೇ ಹೊತ್ತುಕೊಂಡೆ.

ಸಾಹೇಬರ ಮುಂದೆ ನಿಂತು, "ಕೀಲಿ ಗೂಟದಾಗ ಇತ್ತ್ರಿ. ನಾ ಸುಳ್ಳು ಆಣಿ ಮಾಡಿದ್ದೆ," ಎಂದೆ. ಅವರು ದಂಡೆಗೆ ಬಂದು, ಒಳಗಿನ ನೆಲ ಒರೆಸಿಸಿ, ಮುಚ್ಚಳ ಮುಚ್ಚಿಸಿದರು. ಮೇಲಿನಿಂದ ಕೊಡಗಟ್ಟಲೆ ನೀರು ಹೊಯ್ಯಲು ಸುಂಕಲಮ್ಮನಿಗೇ ಹೇಳಿದರು. ಅವಳು ಹತ್ತು ಕೊಡ ಹೊಯ್ದಳು, ಕಿಟಕಿಗಳಿಗೂ ಎರಚಿದಳು.

"ಒಳಗ ಇವನ ಇಳೀಲಿ. ಸಂಶಯ ಇವನದು," ಎಂದರು ಸಾಹೇಬರು.

ಇಳಿದು ನೆಲಕ್ಕೆ ಅಂಗೈ ಒತ್ತಿದೆ. ಒಣಗಿತ್ತು. ಕಿಟಕಿಗಳ ಕೆಳಗೆ ತಡವಿದೆ. ಅಲ್ಲಿಯೂ ಒಣಗಿತ್ತು. ಆದರೂ ಎಲ್ಲವನ್ನೂ ಎರಡೆರಡು ಸಲ ಮುಟ್ಟಿ ನೋಡಿದೆ.

ಮೇಲೆ ಬಂದಾಗ ಸಾಹೇಬರು ಕೈ ಚಾಚಿ ನಿಂತಿದ್ದರು. ಕೀಲಿ ಕೊಟ್ಟೆ. ಅವರು ಅದನ್ನು ಪಕ್ಕೀರಪ್ಪನ ಕೈಗೆ ಹಾಕಿ, "ಶೆಡ್ಡಿಗೆ ನಾಳಿಂದ ಬಾ. ಇದೂ ನಿನ್ನ ಕಡೆ ಇರಲಿ. ಇವನನ್ನೇನು ಮಾಡೋಣ, ತೆಗೆದು ಹಾಕಲೇನು?" ಎಂದು ಕೇಳಿದರು.

ಪಕ್ಕೀರಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಬ್ಯಾಡ್ರಿ ಹುಜೂರ್, ಕಾವಲಿಗೆ ಇರ್ಲಿ. ಇಂಥಾಂವ ಸಿಗೂದಿಲ್ಲ. ಅಪ್ಪಿತಪ್ಪೀನೂ ಯಾರನ್ನೂ ನಂಬೂದಿಲ್ಲ."

ಅಷ್ಟು ಜನರ ಮುಂದೆ ಸುಂಕಲಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನು ಕೀಲಿಗೆಂದು ಉಡದಾರ ಮುಟ್ಟಿಕೊಂಡೆ. ಬರಿಯ ದಾರ ಕೈಗೆ ಸಿಕ್ಕಿತು.